ಉಪೇಕ್ಷಿತ ವಸ್ತುವೂ ಶಿಲ್ಪದಲ್ಲಿ ಲಕ್ಷಣಾವ್ಯಾಪಾರವೂ

ಶಿಲ್ಪಿಯು ಕಲ್ಲನ್ನೋ ಮರವನ್ನೋ ಲೋಹವನ್ನೋ ತೆಗೆದುಕೊಂಡು ಅದಕ್ಕೆ ರೂಪವನ್ನು ಕೊಡುವನು. ಆ ದ್ರವ್ಯಕ್ಕೆ ಬಣ್ಣ, ತೂಕ, ಗಡಸುತನ ಮೊದಲಾದ ಗುಣಗಳಿದ್ದರೂ ಉಳಿ ತಾಗುವುದಕ್ಕೆ ಮುನ್ನ ಅದು ಯಾವ ಅರ್ಥವನ್ನೂ ಹೇಳದು. ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ದೇಶಗಳಲ್ಲಿಯೂ ಬಳಿಕ ಭಾರತದಲ್ಲಿಯೂ ಬೇರೊಂದು ಬಗೆಯ ಶಿಲ್ಪವು ತಲೆದೋರಿತು. ಇದರಲ್ಲಿ ಕಲಾವಿದನು ಕೈಗೆತ್ತಿಕೊಳ್ಳುವುದು ಹಿಂದೆ ಯಾರೋ ಮಾಡಿ, ಬಳಸಿ, ಬಿಸುಟ ವಸ್ತುವನ್ನು. ಒಡೆದ ಬಳೆ, ಮುರಿದ ಬೈಸಿಕಲ್ಲು, ಪಿಂಗಾಣಿಯ ಚೂರು ಇಂತಹುವನ್ನು. ಅನ್ಯರು ನಿರ್ಮಿಸಿದುದನ್ನು ಎತ್ತಿ ನಿಲ್ಲಿಸಿದ ಮಾತ್ರಕ್ಕೆ ನಿರ್ಮಾತೃವೆಂಬ ಹೆಸರು ಸಲ್ಲುವುದೆ ಎಂಬ ಆಕ್ಷೇಪವು ಅಂದಿನಿಂದ ಇಂದಿನವರೆಗೂ ಕೇಳಿಬರುತ್ತಲಿದೆ.

ಈ ಆಕ್ಷೇಪಕ್ಕೆ ಶಿಲ್ಪಶಾಸ್ತ್ರದಲ್ಲಿ ಸಮಾಧಾನವನ್ನು ಹುಡುಕುವುದು ವ್ಯರ್ಥ. ಶಿಲೆಯ ಪರೀಕ್ಷೆ, ತಾಲಮಾನ, ಲಕ್ಷಣ ಇವು ಅರ್ಥರಹಿತವಾದ ದ್ರವ್ಯವನ್ನು ಕುರಿತ ವಿಧಿಗಳು. ಬಿಸುಟ ವಸ್ತುವಾದರೋ ಮೊದಲೇ ಒಂದು ಅರ್ಥವನ್ನು ಹೊತ್ತು ಬಂದಿರುವುದು. ಹಾಗೆ ಅರ್ಥವನ್ನು ಹೊತ್ತ ದ್ರವ್ಯದೊಡನೆ ಕೆಲಸಮಾಡುವವನು ಕವಿ. ಕವಿಯು ಶಬ್ದಗಳನ್ನು ಹುಟ್ಟಿಸುವುದಿಲ್ಲ. ಸಂತೆಯಲ್ಲಿ ಸವೆದ ಮಾತುಗಳನ್ನೇ ಆಯ್ದುಕೊಳ್ಳುವನು. ಅದಕ್ಕಾಗಿ ಅವನನ್ನು ಚೋರನೆಂದು ಯಾರೂ ಜರೆಯಲಿಲ್ಲ. ಆದುದರಿಂದ ಈ ನೂತನ ಶಿಲ್ಪದ ಗುಣದೋಷವಿವೇಚನೆಗೆ ತಕ್ಕ ಒರೆಗಲ್ಲು ಅಲಂಕಾರಶಾಸ್ತ್ರವೇ ಹೊರತು ಶಿಲ್ಪಶಾಸ್ತ್ರವಲ್ಲ.

ಶಬ್ದಕ್ಕೆ ಸಂಕೇತವುಂಟು, ವಸ್ತುವಿಗೆ ಸಂಕೇತವೆಲ್ಲಿಯದು ಎಂದು ಕೇಳಬಹುದು. ವಸ್ತುವಿನ ಉಪಯೋಗವೇ ಅದರ ಸಂಕೇತ. ಕೊಡವನ್ನು ಕಂಡೊಡನೆ ನೀರೂ, ಮಣೆಯನ್ನು ಕಂಡೊಡನೆ ಕುಳಿತುಕೊಳ್ಳುವಿಕೆಯೂ ಮನಸ್ಸಿಗೆ ಬರುವುವು. ಮೇಲಾಗಿ, ಅರ್ಥವಿಲ್ಲದ ಗೀತಧ್ವನಿಯೂ ರಸವನ್ನು ವ್ಯಂಜಿಸಬಲ್ಲುದೆಂದು ಆನಂದವರ್ಧನನೇ ಒಪ್ಪಿರುವಾಗ ವ್ಯಂಜಕತ್ವವನ್ನು ಶಬ್ದಕ್ಕೆ ಮಾತ್ರ ಕಟ್ಟಿಹಾಕುವುದು ಸರಿಯಲ್ಲ.

ಮಮ್ಮಟನು ಕಾವ್ಯಪ್ರಕಾಶದಲ್ಲಿ ಲಕ್ಷಣೆಗೆ ಮೂರು ಹೇತುಗಳನ್ನು ಹೇಳಿದ್ದಾನೆ. ಮುಖ್ಯಾರ್ಥಕ್ಕೆ ಬಾಧೆಯೊದಗಬೇಕು, ತೋರುವ ಅರ್ಥಕ್ಕೂ ಮುಖ್ಯಾರ್ಥಕ್ಕೂ ಸಂಬಂಧವಿರಬೇಕು, ರೂಢಿಯಾಗಲಿ ಪ್ರಯೋಜನವಾಗಲಿ ಇರಬೇಕು. ಬಿಸುಟ ವಸ್ತುವಿನಲ್ಲಿ ಮೊದಲನೆಯ ಹೇತುವು ತಾನಾಗಿಯೇ ಸಿದ್ಧವಾಗಿದೆ. ಒಡೆದ ಬಳೆಯನ್ನು ತೊಡಲಾಗದು; ಅದೇ ಮುಖ್ಯಾರ್ಥಬಾಧೆ. ಹೊಸ ಕೃತಿಯಲ್ಲಿ ರೂಢಿಗೆ ಎಡೆಯಿಲ್ಲವಾದುದರಿಂದ ಕಲಾವಿದನು ತೋರಬೇಕಾದುವು ಎರಡೇ: ಸಂಬಂಧ ಮತ್ತು ಪ್ರಯೋಜನ. ಈ ಎರಡರಿಂದ ಮೂರು ಪ್ರಸಿದ್ಧ ನಿದರ್ಶನಗಳನ್ನು ಪರೀಕ್ಷಿಸಬಹುದು.

ಮೊದಲನೆಯದು ಪಾಬ್ಲೊ ಪಿಕಾಸೊ ೧೯೪೨ರಲ್ಲಿ ರಚಿಸಿದ ‘ವೃಷಭಶಿರಸ್ಸು’. ಪ್ಯಾರಿಸ್ ನಗರವು ಜರ್ಮನ್ ಸೈನ್ಯದ ವಶದಲ್ಲಿದ್ದ ಕಾಲವದು. ಹಳೆಯ ಸಾಮಾನುಗಳ ರಾಶಿಯಲ್ಲಿ ಕಂಡ ಒಂದು ಬೈಸಿಕಲ್ಲಿನ ಸೀಟನ್ನೂ ಒಂದು ಹ್ಯಾಂಡಲನ್ನೂ ಅವನು ಕೂಡಿಸಿದನು. ಸೀಟು ಹೋರಿಯ ನೀಳವಾದ ಮುಖವಾಯಿತು, ಹ್ಯಾಂಡಲು ಕೊಂಬುಗಳಾಯಿತು. ಇಲ್ಲಿಯ ಸಂಬಂಧವು ಸಾದೃಶ್ಯ. ಆದುದರಿಂದ ಇದು ಗೌಣೀ ಲಕ್ಷಣೆ. ಆರೋಪಿಸಲ್ಪಟ್ಟ ಹೋರಿಯೂ ಆರೋಪಕ್ಕೆ ವಿಷಯವಾದ ಸೀಟೂ ಎರಡೂ ಕಣ್ಣಿಗೆ ಕಾಣುತ್ತಿರುವುದರಿಂದ ಇದು ಸಾರೋಪೆ. ಅಲಂಕಾರದ ಮಾತಿನಲ್ಲಿ ಹೇಳುವುದಾದರೆ ರೂಪಕ. ನೋಡುವವನ ಚಿತ್ತವು ಸೀಟಿನಿಂದ ಹೋರಿಗೂ ಹೋರಿಯಿಂದ ಸೀಟಿಗೂ ಓಡಾಡುತ್ತಿರುವುದೇ ಇದರ ಚಮತ್ಕಾರ. ಕೃತಿಕಾರನಿಗೂ ಇದು ತಿಳಿದಿದ್ದಿತು. ಈ ತಲೆಯನ್ನು ಯಾರಾದರೂ ಕಸಕ್ಕೆಸೆದು, ಮತ್ತೊಬ್ಬನು ಅದನ್ನು ಕಂಡು ತನ್ನ ಬೈಸಿಕಲ್ಲಿಗೆ ಹ್ಯಾಂಡಲಾಗಿ ಬಳಸಿಕೊಂಡರೆ ರೂಪಾಂತರವು ಎರಡು ಸಲ ಆದಂತಾಗುವುದೆಂದು ಅವನು ಹೇಳಿದುದುಂಟು.

ಆದರೆ ಈ ಕೃತಿಯನ್ನು ಮುಂದೆ ಕಂಚಿನಲ್ಲಿಯೂ ಎರಕಹೊಯ್ಯಲಾಯಿತು. ಅಲ್ಲಿ ಸೀಟಿನ ತೊಗಲೂ ಹ್ಯಾಂಡಲಿನ ಲೋಹವೂ ಒಂದೇ ಬಣ್ಣದ ಒಂದೇ ಧಾತುವಾದುವು. ವಿಷಯವನ್ನು ವಿಷಯಿಯು ನುಂಗತೊಡಗಿತು. ಸಾರೋಪೆಯು ಸಾಧ್ಯವಸಾನೆಯ ಕಡೆಗೆ ವಾಲಿತು. ಹೋರಿಯ ಗಾಂಭೀರ್ಯವು ಹೆಚ್ಚಿರಬಹುದು. ಚಿತ್ತದ ಓಡಾಟವು ಮಾತ್ರ ಕುಂದಿತು. ಸಾಧ್ಯವಸಾನೆಯು ದೋಷವಲ್ಲ, ಅತಿಶಯೋಕ್ತಿಗೆ ಅದೇ ಮೂಲ. ಆದರೆ ರೂಪಕವಾಗಿ ಹುಟ್ಟಿದುದಕ್ಕೆ ಅದು ಲಾಭವಲ್ಲ. ಮೂಲಕೃತಿಯೇ ಕಂಚಿಗಿಂತ ಮೇಲೆಂದು ಈ ಕಾರಣದಿಂದ ಹೇಳಬೇಕಾಗುವುದು.

ಎರಡನೆಯದು ಮಾರ್ಸೆಲ್ ದ್ಯುಶಾಂಪನ ‘ಚಿಲುಮೆ’. ಶುಲ್ಕ ಕೊಟ್ಟ ಯಾವ ಕಲಾವಿದನ ಕೃತಿಯನ್ನಾದರೂ ಪ್ರದರ್ಶಿಸುವೆವೆಂದು ಸಾರಿದ್ದ ನ್ಯೂಯಾರ್ಕಿನ ಸಂಘವೊಂದಕ್ಕೆ ೧೯೧೭ರಲ್ಲಿ ಪುರುಷರ ಮೂತ್ರಾಲಯದ ಪಿಂಗಾಣಿಯ ಪಾತ್ರೆಯೊಂದು ಬಂದಿತು. ಅದನ್ನು ಬೆನ್ನಮೇಲೆ ಮಲಗಿಸಿ ‘ಆರ್. ಮಟ್’ ಎಂಬ ಕಲ್ಪಿತನಾಮವನ್ನು ಬರೆಯಲಾಗಿದ್ದಿತು. ಸಂಘದವರು ಅದನ್ನು ಪ್ರದರ್ಶಿಸಲಿಲ್ಲ. ಇಲ್ಲಿ ಕಲಾವಿದನ ಕೈ ಏನನ್ನೂ ಕೆತ್ತಲಿಲ್ಲ, ಕೂಡಿಸಲಿಲ್ಲ. ವಸ್ತುವು ಒಡೆದುದೂ ಅಲ್ಲ. ಅದರ ಮುಖ್ಯಾರ್ಥಕ್ಕೆ ಬಾಧೆಯನ್ನು ತಂದುದು ಮಲಗಿಸಿದ ಭಂಗಿ. ಸಾದೃಶ್ಯವಿಲ್ಲವಾದುದರಿಂದ ಸಂಬಂಧವೇ ಇಲ್ಲವೆಂದು ಪೂರ್ವಪಕ್ಷಿಯು ಹೇಳಿಯಾನು. ಆದರೆ ವೈಪರೀತ್ಯವೂ ಒಂದು ಸಂಬಂಧವೆಂದು ಶಾಸ್ತ್ರಕಾರರು ಒಪ್ಪಿದ್ದಾರೆ. ಅಪಕಾರಿಯನ್ನು ಕುರಿತು ‘ಮಹೋಪಕಾರವಾಯಿತು’ ಎನ್ನುವಲ್ಲಿ ಕೆಲಸಮಾಡುವುದು ಅದೇ ವಿಪರೀತಲಕ್ಷಣೆ. ಕೊಳೆನೀರನ್ನು ಒಳಕೊಳ್ಳುವ ಪಾತ್ರೆಗೆ ನೀರನ್ನು ಚಿಮ್ಮುವ ಚಿಲುಮೆಯೆಂದು ಹೆಸರಿಡುವುದು ಈ ಜಾತಿಯದು. ವಾಚ್ಯವು ಅತ್ಯಂತತಿರಸ್ಕೃತವಾಗಿ, ಪ್ರದರ್ಶನಸಂಸ್ಥೆಯ ಘೋಷಣೆಗೂ ಅದರ ಮನಸ್ಸಿಗೂ ಇದ್ದ ಅಂತರವು ಧ್ವನಿತವಾಯಿತು. ಪ್ರಯೋಜನವೂ ಹೀಗೆ ಸಿದ್ಧಿಸಿತು.

ಇಷ್ಟನ್ನು ಒಪ್ಪಿದಮೇಲೆ ಇದರ ಸೀಮೆಯನ್ನೂ ಹೇಳಬೇಕು. ವ್ಯಂಗ್ಯವಾಗುವುದು ಇಲ್ಲಿ ಒಂದು ಅಭಿಪ್ರಾಯ. ಅದು ವಸ್ತುಧ್ವನಿ, ರಸಧ್ವನಿಯಲ್ಲ. ಅಪಹಾಸ್ಯದ ಮಾತನ್ನು ಎರಡನೆಯ ಸಲ ಹೇಳಿದರೆ ಮೊನೆ ಮೊಂಡಾಗುವುದು. ೧೯೧೭ರ ಪಾತ್ರೆಯು ಕಳೆದುಹೋಗಿ, ಆಲ್‌ಫ್ರೆಡ್ ಸ್ಟೀಗ್ಲಿಟ್ಸನು ತೆಗೆದ ಛಾಯಾಚಿತ್ರವು ಉಳಿದಿದ್ದಿತು. ೧೯೬೪ರಲ್ಲಿ ಆ ಚಿತ್ರವನ್ನು ಆಧರಿಸಿ ದ್ಯುಶಾಂಪನ ಒಪ್ಪಿಗೆಯಿಂದ ಪ್ರತಿಕೃತಿಗಳನ್ನು ಕುಶಲಕರ್ಮಿಗಳಿಂದ ಮಾಡಿಸಲಾಯಿತು. ಯಾರೂ ಕೈಯಿಂದ ಮಾಡದಿರುವುದೇ ಯಾವುದರ ಸಾರವೋ ಅದನ್ನು ಕೈಯಿಂದ ಮಾಡಬೇಕಾಗಿ ಬಂದಿತು. ವಿಪರೀತಲಕ್ಷಣೆಯು ತನ್ನ ಕರ್ತೃವಿನ ಮೇಲೆಯೇ ತಿರುಗಿತು.

ಮೂರನೆಯದು ಚಂಡೀಗಢದ ಶಿಲೋದ್ಯಾನ. ೧೯೨೪ರಲ್ಲಿ ಹುಟ್ಟಿದ ನೇಕ್‌ಚಂದ್ ಸೈನಿಯು ೧೯೪೭ರ ದೇಶವಿಭಜನೆಯಿಂದ ಊರನ್ನು ಕಳೆದುಕೊಂಡವನು. ಲ ಕಾರ್ಬೂಸಿಯೆಯ ಯೋಜನೆಯಂತೆ ಚಂಡೀಗಢವು ಏಳುತ್ತಿದ್ದಾಗ ಅಲ್ಲಿಯ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆಯ ಇನ್‌ಸ್ಪೆಕ್ಟರನಾಗಿದ್ದನು. ನೂತನ ನಗರಕ್ಕಾಗಿ ಅನೇಕ ಗ್ರಾಮಗಳನ್ನು ಕೆಡವಲಾಯಿತು. ಆ ಗ್ರಾಮಗಳ ಅವಶೇಷಗಳನ್ನೂ ನಗರವು ಬಿಸುಟ ಪಿಂಗಾಣಿ, ಬಳೆ, ವಿದ್ಯುತ್ ಸಾಮಗ್ರಿ, ಬೈಸಿಕಲ್ಲಿನ ಭಾಗಗಳು, ಶೌಚಾಲಯದ ಪಾತ್ರೆಗಳನ್ನೂ ಅವನು ೧೯೫೭ರ ಸುಮಾರಿನಿಂದ ಬೈಸಿಕಲ್ಲಿನ ಮೇಲೆ ಹೊತ್ತು ತಂದು, ಕಟ್ಟಡಗಳಿಗೆ ನಿಷೇಧವಿದ್ದ ಸರ್ಕಾರೀ ಅರಣ್ಯಭೂಮಿಯಲ್ಲಿ ಗುಟ್ಟಾಗಿ ಕೂಡಿಸಿದನು. ಸುಮಾರು ಹದಿನೆಂಟು ವರ್ಷಗಳ ಬಳಿಕ ಅಧಿಕಾರಿಗಳ ಕಣ್ಣಿಗೆ ಬಿದ್ದ ಈ ರಚನೆಯನ್ನು ಕೆಡವದೆ, ೧೯೭೬ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಅವನಿಗೆ ೧೯೮೪ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು; ೨೦೧೫ರಲ್ಲಿ ಅವನು ತೀರಿಕೊಂಡನು.

ಬೈಸಿಕಲ್ಲೂ ಶೌಚಾಲಯದ ಪಿಂಗಾಣಿಯೂ ಹಿಂದಿನ ಎರಡು ಕೃತಿಗಳಲ್ಲಿ ಬಂದುವೇ. ಇಲ್ಲಿ ಅವುಗಳ ವ್ಯಾಪಾರವು ಬೇರೆ. ಬಳೆಚೂರುಗಳ ಉಡುಗೆ ತೊಟ್ಟ ಸ್ತ್ರೀಯನ್ನು ನೋಡುವವನಿಗೆ ಬಳೆಯು ಬಳೆಯಾಗಿಯೇ ತೋರುವುದು. ಆದರೆ ಬರಿಯ ಬಳೆಯಾಗಿ ಅಲ್ಲ. ರಾಮನ ಬಾಯಲ್ಲಿ ‘ರಾಮ’ ಎಂಬ ಹೆಸರೇ ರಾಜ್ಯವನ್ನೂ ಪತ್ನಿಯನ್ನೂ ಕಳೆದುಕೊಂಡು ಎಲ್ಲವನ್ನೂ ಸಹಿಸಿದವನೆಂಬ ಅರ್ಥಕ್ಕೆ ಸಂಕ್ರಮಿಸುವುದನ್ನು ಆನಂದವರ್ಧನನು ತೋರಿಸಿಕೊಟ್ಟಿದ್ದಾನೆ. ಅಂತೆಯೇ ಈ ಚೂರು ಯಾರದೋ ಕೈಯಲ್ಲಿದ್ದು, ಮನೆಯೊಂದು ಬಿದ್ದಾಗ ಒಡೆದು, ಮಣ್ಣುಪಾಲಾಗಿದ್ದ ಚೂರೆಂಬ ಅರ್ಥಕ್ಕೆ ಸಾಗುವುದು. ಇದು ಅರ್ಥಾಂತರಸಂಕ್ರಮಿತವಾಚ್ಯ. ಬಿಡಿ ಬೊಂಬೆಗಳಲ್ಲಿ ಕೆಲವು ಒಂದನ್ನೊಂದು ಹೋಲುವುದು ನಿಜ. ಬಿಡಿಬಿಡಿಯಾಗಿ ನೋಡಿದರೆ ಪುನರುಕ್ತಿಯೆನಿಸುವುದು. ಸಾಲುಸಾಲಾಗಿ ನೋಡಿದಾಗ ಅದೇ ಒಂದು ಊರಿನ ಜನವಾಗುವುದು. ಪದಕ್ಕೆ ದೋಷವಾದುದು ಪ್ರಬಂಧಕ್ಕೆ ಗುಣವಾಗುವುದು. ಕೆಡವಲ್ಪಟ್ಟ ಊರುಗಳ ಚೂರುಗಳಿಂದ ಊರನ್ನು ಕಳೆದುಕೊಂಡವನೊಬ್ಬನು ಮತ್ತೆ ಒಂದು ಊರನ್ನು ನೆಲೆಗೊಳಿಸಿದನೆಂಬುದೇ ಪ್ರಬಂಧದ ಧ್ವನಿ, ಕರುಣವೇ ಅದರ ರಸ. ಆಮೇಲೆ ಬೆಳೆದ ಭಾಗದ ಉಯ್ಯಾಲೆಯ ಕಮಾನುಗಳು ವಿನೋದಕ್ಕೆ ಒದಗುವುವಾದರೂ ಆ ರಸವನ್ನು ಪೋಷಿಸುವುದಿಲ್ಲ.

ಈ ವಿವೇಚನೆಯು ಪಂಡಿತರ ಕಾಲಕ್ಷೇಪಕ್ಕಾಗಿ ಮಾತ್ರವಲ್ಲ. ೨೦೨೫ರಲ್ಲಿ ರಸ್ತೆಯ ವಿಸ್ತರಣಕ್ಕಾಗಿ ಆ ಉದ್ಯಾನದ ಗೋಡೆಯ ಒಂದು ಭಾಗವನ್ನು ಕೆಡವಲಾಯಿತು. ಬಯಲಿನಲ್ಲಿ ಮಳೆಗಾಳಿಗಳಿಗೆ ಈಡಾದ ಬೊಂಬೆಗಳಿಗೂ ಸವೆತವು ತಪ್ಪದು. ದೇವಾಲಯದಲ್ಲಿ ಬಿಂಬವು ಭಿನ್ನವಾದರೆ ಜೀರ್ಣೋದ್ಧಾರವಿಧಿಯಿಂದ ಹೊಸ ಬಿಂಬವನ್ನು ಪ್ರತಿಷ್ಠಿಸಬಹುದು. ಅಲ್ಲಿ ಸಾನ್ನಿಧ್ಯವು ಮಂತ್ರದಿಂದ ಬರುವುದು, ಶಿಲೆಯ ಪೂರ್ವಚರಿತ್ರೆಯಿಂದಲ್ಲ. ನೇಕ್‌ಚಂದನ ಕೃತಿಯಲ್ಲಾದರೋ ಚೂರಿನ ಜೀರ್ಣತೆಯೇ ವ್ಯಂಜಕ. ಅಂಗಡಿಯಿಂದ ಹೊಸ ಬಳೆಗಳನ್ನು ಕೊಂಡು, ಒಡೆದು, ಅಂಟಿಸಿದರೆ ಆಕಾರವು ಉಳಿದೀತು, ಧ್ವನಿಯು ಉಳಿಯದು. ಕೆಡವಿದ ಗೋಡೆಯನ್ನು ಬೇರೊಂದೆಡೆ ಅದರಂತೆಯೇ ಕಟ್ಟಿಕೊಡುವೆವೆಂಬುವರು ಪರ್ಯಾಯಪದದಿಂದ ಕಾವ್ಯವನ್ನು ತಿದ್ದುವವರಿಗೆ ಸಮಾನರು.

ಆದುದರಿಂದ ಉಪೇಕ್ಷಿತ ವಸ್ತುವನ್ನು ಎತ್ತಿಕೊಂಡವರೆಲ್ಲರೂ ಶಿಲ್ಪಿಗಳಲ್ಲ. ಯಾರೂ ಅಲ್ಲವೆಂಬುದೂ ಸಲ್ಲದು. ಸಂಬಂಧವಿಲ್ಲದೆ ಕೂಡಿಸಿದುದು ಕಸದ ರಾಶಿಯೇ ಆಗಿ ಉಳಿಯುವುದು. ಪ್ರಯೋಜನವಿಲ್ಲದೆ ಕೂಡಿಸಿದುದು ಕೌತುಕವಾಗುವುದು. ವಸ್ತುವು ತಾನು ಅನುಭವಿಸಿದುದನ್ನು ತಾನೇ ನುಡಿಯುವಂತೆ ಮಾಡಬಲ್ಲವನಿಗೆ ಶಿಲ್ಪಿಯೆಂಬ ಹೆಸರು ನ್ಯಾಯವಾಗಿಯೇ ಸಲ್ಲುವುದು.