ಗೊರಟೆಯಿಂದ ಹೊರಟ ಹಳದಿ

ಬೆಂಗಳೂರು-ಮೈಸೂರಿನ ಕಡೆ ಬಾದಾಮಿ, ಧಾರವಾಡದಲ್ಲಿ ಆಪೂಸು. ಹೆಸರು ಯಾವುದೇ ಇರಲಿ, ಈ ಹಂಗಾಮಿನಲ್ಲಿ ನಾಲ್ಕು ಬಲಿತ ಕಾಯಿ ತಂದು ಮನೆಯಲ್ಲೇ ಹಣ್ಣು ಮಾಡಿ. ಮಾವು ತಿನ್ನುವ ಸುಖದಲ್ಲಿ ಅರ್ಧ ಪಾಲು ಅದು ಹಣ್ಣಾಗುವುದನ್ನು ನೋಡುವುದರಲ್ಲಿದೆ ಎಂದು ನಾನು ಮನಸಾರೆ ನಂಬಿದ್ದೇನೆ.

ಕಾಯಿಗಳನ್ನು ಒಣಹುಲ್ಲಿನಲ್ಲಿ ಅಡೆ ಹಾಕಿ. ಕಾಯಿ ತಾನೇ ಬಿಡುವ ಎಥಿಲೀನ್ ಅನಿಲ ಹುಲ್ಲಿನೊಳಗೆ ತಂಗುತ್ತದೆ. ಅದರ ಸುಳಿವು ಸಿಕ್ಕಿತೆಂದರೆ ಕಿಣ್ವಗಳು ಕೆಲಸಕ್ಕಿಳಿಯುತ್ತವೆ. ಕೆಲವು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ, ಕೆಲವು ಪೆಕ್ಟಿನ್ನಿನ ಬಿಗಿ ಸಡಿಲಿಸಿ ತಿರುಳನ್ನು ಮೆತ್ತಗೆ ಮಾಡುತ್ತವೆ. ಬಣ್ಣದ ಕಿಣ್ವಗಳದು ಬೇರೆಯೇ ಕಥೆ.

ಅದನ್ನು ನೋಡಬೇಕಾದರೆ ಒಂದನ್ನು ದೋರೆಗಾಯಿ ಇರುವಾಗಲೇ ಹೆಚ್ಚಿಬಿಡಿ. ಸಿಪ್ಪೆ ಇನ್ನೂ ಹಸಿರು, ಆದರೆ ಗೊರಟೆಯ ಸುತ್ತ ಹಳದಿ ಮೂಡಿರುತ್ತದೆ. ಹೊರಕ್ಕೆ ಬಂದಷ್ಟೂ ತಿರುಳು ಬಿಳಿಚು. ಮಾವು ಒಳಗಿನಿಂದ ಹೊರಕ್ಕೆ ಹಣ್ಣಾಗುತ್ತದೆ. ಅಲ್ಲಿ ಒಂದು ಕಿಣ್ವ 20 ಇಂಗಾಲಗಳ ಎರಡು ಅಣುಗಳನ್ನು ಬೆಸೆದು 40ರ ಸರಪಳಿ ಮಾಡುತ್ತದೆ. ಅದಕ್ಕಿನ್ನೂ ಬಣ್ಣವೇ ಇಲ್ಲ. ಮುಂದಿನ ಕಿಣ್ವಗಳು ಅದರಿಂದ ಜಲಜನಕ ಕಳಚುತ್ತ ಹೋದಂತೆ ಸರಪಳಿ ನೀಲಿ ಬೆಳಕನ್ನು ಹೀರತೊಡಗುತ್ತದೆ, ನಮ್ಮ ಕಣ್ಣಿಗೆ ಬಣ್ಣ ಬೀಳುತ್ತದೆ. ಸರಪಳಿಯ ಎರಡು ತುದಿಗಳೂ ಉಂಗುರದಂತೆ ಮಡಚಿಕೊಂಡರೆ ಬೀಟಾ-ಕ್ಯಾರೊಟೀನ್, ಅಂದರೆ ಮಾವಿನ ಹೊಂಬಣ್ಣ. ಟೊಮೇಟೊ ಬಹುಪಾಲು ಆ ಮಡಿಕೆಗೆ ಮುಂಚೆಯೇ ನಿಂತುಬಿಡುತ್ತದೆ. ಅದಕ್ಕೇ ಅದು ಕೆಂಪು. ಒಂದೇ ದಾರಿ, ಇಳಿಯುವ ನಿಲ್ದಾಣ ಬೇರೆ!

ಸಿಪ್ಪೆಯ ಬಣ್ಣವನ್ನು ಮಾತ್ರ ಅಷ್ಟಾಗಿ ನಂಬಬೇಡಿ. ಭುಜದ ಮೇಲಿನ ಕೆಂಪು ಮರದಲ್ಲಿದ್ದಾಗ ಬಿಸಿಲು ಕೊಟ್ಟ ಆಂಥೋಸಯಾನಿನ್; ಮಾಗುವಿಕೆಗೂ ಅದಕ್ಕೂ ಸಂಬಂಧವಿಲ್ಲ. ಪಚ್ಚಬಾಳೆಯನ್ನು ನೋಡಿ: 24 ಡಿಗ್ರಿ ದಾಟಿದ ಸೆಕೆಯಲ್ಲಿ ಅದರ ಸಿಪ್ಪೆಯ ಹಸಿರು ಪೂರ್ತಿ ಕರಗುವುದಿಲ್ಲ, ಒಳಗೆ ತಿರುಳು ಸಿಹಿಯಾಗಿರುತ್ತದೆ. ಇದಕ್ಕೆ ತದ್ವಿರುದ್ಧ ಕಾರ್ಬೈಡ್ ಹಾಕಿದ ಎಳೆ ಮಾವು. ಕಾರ್ಬೈಡಿನಿಂದ ಹೊರಡುವ ಅಸಿಟಿಲೀನ್ ಅನಿಲ ಎಥಿಲೀನಿನ ವೇಷ ಹಾಕಿ ಸಿಪ್ಪೆಯನ್ನು ಹಳದಿ ಮಾಡುತ್ತದೆ. ಆದರೆ ಬಲಿಯದ ಕಾಯಿಯಲ್ಲಿ ಸಿಹಿಯಾಗುವಷ್ಟು ಪಿಷ್ಟವೇ ಕೂಡಿರುವುದಿಲ್ಲ. ನಮ್ಮ ದೇಶದಲ್ಲಿ ಹೀಗೆ ಕಾರ್ಬೈಡ್ ಹಾಕುವುದು ನಿಷಿದ್ಧ, ಆದರೂ ನಿಂತಿಲ್ಲ ಎನ್ನುವುದು ನನಗೆ ತೀರಾ ಬೇಸರದ ಸಂಗತಿ.

ಹಾಗಾಗಿ ಮೂಗನ್ನು ನಂಬಿ. ತೊಟ್ಟಿನ ಬಳಿ ಮೂಸಿದಾಗ ಸೊನೆಯ ಘಾಟು ಹೋಗಿ ಜೇನಿನಂಥ ಘಮ ಬಂದಿರಬೇಕು. ಅಲ್ಲಿಯವರೆಗೆ ಫ್ರಿಜ್ಜಿಗೆ ಇಡಬೇಡಿ. ಸುಮಾರು 13 ಡಿಗ್ರಿಗಿಂತ ಕೆಳಗೆ ಕಾಯಿಗೆ ಶೀತದ ಪೆಟ್ಟು ಬೀಳುತ್ತದೆ, ಆಮೇಲೆ ಹೊರಗಿಟ್ಟರೂ ಬಣ್ಣ, ಘಮ ಸರಿಯಾಗಿ ಬರುವುದಿಲ್ಲ.

ಮಾಗುತ್ತ ಹೋದಂತೆ ಕಾಯಿಯ ವಿಟಮಿನ್ ಸಿ ಇಳಿಯುತ್ತದೆ, ಕ್ಯಾರೊಟೀನ್ ಏರುತ್ತದೆ. ಆ ಕ್ಯಾರೊಟೀನನ್ನೇ ದೇಹ ವಿಟಮಿನ್ ಎ ಮಾಡಿಕೊಳ್ಳುವುದು, ಅದು ಮೈಗೆ ಹತ್ತಲು ಜಿಡ್ಡು ಬೇಕು. ಉಳಿದ ಹಣ್ಣುಗಳನ್ನು ಕಿವುಚಿ, ಕೆನೆಹಾಲು ಹಾಕಿ ಸೀಕರಣೆ ಮಾಡಿ. ಜೊತೆಗೆ ಬಿಸಿ ಹೋಳಿಗೆ, ಮೇಲೊಂದು ಚಮಚ ತುಪ್ಪ.