'ಪ್ರಾರ್ಥನೆ'ಯಲ್ಲಿ ರೋಗಿಯ ದನಿ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಎಂಬ ಸಂಕಲನದಲ್ಲಿ 'ಪ್ರಾರ್ಥನೆ' ಎಂಬ ಪುಟ್ಟ ಗೀತವೊಂದುಂಟು. ನ್ಯೂಮನ್ನನ ಮೂಲವನ್ನು ಕಾಣದವರೂ ಈ ಗೀತವನ್ನು ಬಲ್ಲರು. ಶಾಲೆಯ ಅಂಗಳದಲ್ಲಿ ಅದನ್ನು ಹಾಡಿ ಬೆಳೆದವರಿಗೆ ಅದು ಭಾಷಾಂತರವೆಂಬುದೇ ಮರೆತುಹೋಗಿದೆ. ಭಾಷಾಂತರಕ್ಕೆ ಇದಕ್ಕಿಂತ ಹೆಚ್ಚಿನ ಪ್ರಶಂಸೆ ಬೇಕಿಲ್ಲ. ಆದರೆ ಆ ಮರೆವಿನೊಡನೆ ಇನ್ನೊಂದು ಸಂಗತಿಯೂ ಮರೆಯಾಗಿದೆ. ಅದು ರೋಗದಿಂದ ಎದ್ದವನೊಬ್ಬನ ಬಾಯಿಂದ ಹೊರಟ ಹಾಡು.

1833ರ ಮೇ ತಿಂಗಳಲ್ಲಿ ಜಾನ್ ಹೆನ್ರಿ ನ್ಯೂಮನ್ನನು, ಸಂಗಡಿಗರ ಮಾತನ್ನು ಮೀರಿ, ಸಿಸಿಲಿ ದ್ವೀಪದ ಒಳನಾಡಿಗೆ ಒಬ್ಬನೇ ಹೋದನು. ಅವನಿಗೆ ಆಗ 32 ವರ್ಷ. ಆಕ್ಸ್‌ಫರ್ಡಿನ ವಿದ್ವಾಂಸ, ಇಂಗ್ಲೆಂಡಿನ ಚರ್ಚಿನ ಪಾದ್ರಿ. ಅಲ್ಲಿ ಘೋರ ಜ್ವರವೊಂದು ಅವನನ್ನು ಕೆಡವಿತು. ಜೊತೆಗಿದ್ದ ಆಳೊಬ್ಬನ ಶುಶ್ರೂಷೆಯಲ್ಲಿ, ಪರಸ್ಥಳದಲ್ಲಿ, ವಾರಗಟ್ಟಲೆ ಮಲಗಿದ್ದನು. ವಿಚಿತ್ರವೇನೆಂದರೆ, ಜ್ವರದ ಉಲ್ಬಣದಲ್ಲಿ ಅವನು ದೀನನಾಗಿರಲಿಲ್ಲ. ತಾನು ಸಾಯುವುದಿಲ್ಲವೆಂದೂ, ಇಂಗ್ಲೆಂಡಿನಲ್ಲಿ ತನಗೆ ಕೆಲಸ ಕಾದಿದೆಯೆಂದೂ, ಬೆಳಕಿಗೆ ತಾನು ದ್ರೋಹ ಬಗೆದಿಲ್ಲವೆಂದೂ ಹೇಳುತ್ತಿದ್ದನು. ಅದರೊಡನೆಯೇ, ತಾನು ಹಟದಿಂದ ಈ ದಾರಿ ಹಿಡಿದೆನೆಂಬ ಪಶ್ಚಾತ್ತಾಪವೂ ಅವನನ್ನು ಕಾಡಿತು. ಗುಣವಾಯಿತು. ಪಲೆರ್ಮೊ ಬಂದರಿನಲ್ಲಿ ಮೂರು ವಾರ ಕಾದು, ಕಿತ್ತಳೆ ಹಣ್ಣಿನ ಹಡಗೊಂದನ್ನು ಹತ್ತಿದನು. ಬೊನಿಫಾಚಿಯೊ ಜಲಸಂಧಿಯಲ್ಲಿ ಗಾಳಿಯಡಗಿ ಹಡಗು ಒಂದು ವಾರ ನಿಂತಲ್ಲೇ ನಿಂತಿತು. ಜೂನ್ 16ರಂದು ಈ ಹದಿನೆಂಟು ಸಾಲುಗಳು ಹುಟ್ಟಿದ್ದು ಆ ಹೊತ್ತಿನಲ್ಲಿ.

ಹೀಗಿದ್ದೂ ಈ ಗೀತದಲ್ಲಿ ಆರೋಗ್ಯದ ಬೇಡಿಕೆಯೇ ಇಲ್ಲ. ರೋಗದ ಹೆಸರಿಲ್ಲ, ಬದುಕಿಸಿದ್ದಕ್ಕೆ ಜಯಘೋಷವಿಲ್ಲ. ಕ್ರಿಸ್ತನ ಹೆಸರು ಸಹ ಇಲ್ಲ. ಇದು ಶ್ರದ್ಧೆಯ ಕೊರತೆಯೆ? ದೃಢವಾಗಿ ನಂಬಿ ಕೇಳಿದವನಿಗೆ ಗುಣ ಸಿಕ್ಕಿಯೇ ತೀರಬೇಕು, ಸಿಗದಿದ್ದರೆ ನಂಬಿಕೆ ಸಾಲದೆಂದು ತಿಳಿಯಬೇಕು ಎಂದು ಬೋಧಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಈ ಬೋಧೆಯ ಕ್ರೌರ್ಯವನ್ನು ಬಲ್ಲವರು ರೋಗಿಯ ಮಂಚದ ಪಕ್ಕದಲ್ಲಿ ಕುಳಿತವರು. ನೋವಿನ ಮೇಲೆ ಅಪರಾಧವನ್ನೂ ಹೊತ್ತು ಅವನು ಮಲಗಬೇಕಾಗುತ್ತದೆ. ಸುವಾರ್ತೆಗಳು ಹೇಳುವುದು ಬೇರೆ. ಮತ್ತಾಯನ ಎಂಟನೆಯ ಅಧ್ಯಾಯದ ಕುಷ್ಠರೋಗಿ ಯೇಸುವಿನ ಶಕ್ತಿಯಲ್ಲಿ ಲವಲೇಶವೂ ಸಂಶಯಪಡುವುದಿಲ್ಲ. ಆದರೆ ಅವನ ಚಿತ್ತದ ಮೇಲೆ ಹಕ್ಕನ್ನೂ ಸ್ಥಾಪಿಸುವುದಿಲ್ಲ. ಮನಸ್ಸಿದ್ದರೆ ಆಗುತ್ತದೆ ಎಂಬಷ್ಟೇ ಅವನ ಮಾತು. ಪೌಲನು ತನ್ನ ಶರೀರದ ಮುಳ್ಳನ್ನು ತೆಗೆಯೆಂದು ಮೂರು ಬಾರಿ ಬೇಡಿದನು. ಮುಳ್ಳು ಉಳಿಯಿತು; ಕೃಪೆ ದೊರೆಯಿತು. ಗೆತ್ಸೆಮನೆಯ ತೋಟದಲ್ಲಿ ಸ್ವತಃ ಕ್ರಿಸ್ತನ ಪ್ರಾರ್ಥನೆಗೂ ಇದೇ ಅಂಚು ಇದೆ. ನ್ಯೂಮನ್ನನ ಗೀತ ಈ ಸಾಲಿಗೆ ಸೇರಿದ್ದು. ಅಲ್ಲಿ ಗುಣಹೊಂದಿದವನೂ ಮುಂದಿನ ಒಂದು ಹೆಜ್ಜೆಗಿಂತ ಹೆಚ್ಚಿನದನ್ನು ಕೇಳುವುದಿಲ್ಲ.

ತಿಪಟೂರು, ಚಿಕ್ಕನಾಯಕನಹಳ್ಳಿಗಳ ಕಡೆಯ ವಾಚಕನಿಗೆ ಇಲ್ಲೊಂದು ಹೋಲಿಕೆ ತೋರದಿರದು. ಮನೆಯಲ್ಲಿ ಮಗು ಕಾಯಿಲೆ ಬಿದ್ದರೆ ತಾಯಿ ಮುಡಿಪು ಕಟ್ಟುತ್ತಾಳೆ. ವಾಸಿಯಾದರೆ ದೇವರ ಮುಂದೆ ಈಡುಗಾಯಿ ಒಡೆಸುವ ಹರಕೆ ಹೊರುತ್ತಾಳೆ. ಹರಕೆಯಲ್ಲಿ ನಮ್ರತೆಯಿಲ್ಲವೆಂದಲ್ಲ, ಇರುವುದನ್ನೆಲ್ಲ ಎತ್ತಿ ಕೊಡಲು ಸಿದ್ಧಳಾದ ತಾಯಿಯ ಮುಂದೆ ಪಂಡಿತರ ವಿವೇಚನೆ ಸಣ್ಣದು. ಆದರೆ ಹರಕೆಗೆ 'ಆದರೆ' ಎಂಬ ಒಂದು ಮಾತು ಅಂಟಿಕೊಂಡಿದೆ. 'ಪ್ರಾರ್ಥನೆ'ಯಲ್ಲಿ ಆ ಮಾತಿಲ್ಲ. ಅಟ್ಟಕ್ಕೇರಿಸಿದ ಕಾಯಿ ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವವರೆಗೆ ಹತ್ತು ಹನ್ನೆರಡು ತಿಂಗಳು ಸುಲಿದು ನೋಡದೆ ಕಾಯುವ ನಾಡಿಗೆ, ದೂರದ ನೋಟವನ್ನು ಬೇಡದ ಈ ಮನೋಧರ್ಮ ತೀರ ಅಪರಿಚಿತವೂ ಅಲ್ಲ.

ಇನ್ನು ಕನ್ನಡದ ಮಾತು. ಇಂಗ್ಲಿಷ್ ಮೂಲದಲ್ಲಿ ಕವಿ ಬೆಳಕನ್ನು ಮುನ್ನಡೆಸೆಂದು ಕೇಳುತ್ತಾನೆ, ಕೈಯ ಪ್ರಸ್ತಾಪವಿಲ್ಲ. ಶ್ರೀಯವರು ಮೊದಲು ಬೆಳಕನ್ನು ಕರೆಯುತ್ತಾರೆ, ಬಳಿಕ ಅದಕ್ಕೊಂದು ಕೈ ಕೊಡುತ್ತಾರೆ. ಪಲ್ಲವಿಯಂತೆ ಮರಳಿ ಮರಳಿ ಬರುವ ಆ ಕೈ ಇಡೀ ಗೀತದ ಜೀವ. ಮಂಚದಿಂದೆದ್ದು ಮೊದಲ ಹೆಜ್ಜೆಯಿಡುವವನಿಗೆ ಬೇಕಾದದ್ದು ದೀಪಕ್ಕಿಂತ ಹಿಡಿದು ನಡೆಸುವ ಕೈ. ಸಿಸಿಲಿಯ ಜ್ವರದ ಕಥೆಯನ್ನು ಭಾಷಾಂತರಕಾರರು ನೆನೆದಿದ್ದರೋ ಇಲ್ಲವೋ, ಅವರ ಕನ್ನಡ ಅದನ್ನು ನೆನೆಯುತ್ತದೆ. 'ಕರುಣಾಳು' ಎಂಬ ಸಂಬೋಧನೆಯಲ್ಲಿ ದಾಸರ, ಶರಣರ ಬಳಕೆಯ ಕಾವು ಇದೆ. ಮೂರನೆಯ ಪದ್ಯದಲ್ಲಿ ಭಕ್ತನು ತನ್ನನ್ನು ಮೂರ್ಖನೆಂದು ಕರೆದುಕೊಳ್ಳುತ್ತಾನೆ. ಇದು ಮೂಲದಲ್ಲಿಲ್ಲ; ಆದರೂ ಕೂಡಿಸಿದ್ದೆಂದು ಅನಿಸುವುದಿಲ್ಲ. ಪುರಂದರ ಕನಕರನ್ನು ಕೇಳಿದ ಕಿವಿಗೆ ಅದು ಇರಲೇಬೇಕಾದ ಮಾತು. ಗುಬ್ಬಿ, ತುಮಕೂರುಗಳಲ್ಲಿ ವೆಸ್ಲಿಯನ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನೆಲೆಯೂರಿ ಕನ್ನಡದಲ್ಲಿ ಉಪದೇಶಿಸಿದ್ದರು. ಆದರೆ ಕ್ರೈಸ್ತ ದೈನ್ಯವನ್ನು ಸರ್ವಮತದವರ ನಾಲಗೆಯ ಮೇಲೆ ನಿಲ್ಲಿಸಿದವರು ಸಂಪಿಗೆಯ ಶ್ರೀಕಂಠಯ್ಯನವರು.

ದೋಷಗಳಿಲ್ಲದಿಲ್ಲ. ದೂರದ ನೋಟವನ್ನು ತಾನು ಕೇಳುವುದಿಲ್ಲವೆಂದು ಮೂಲದ ಕವಿ ನೇರವಾಗಿ, ಚಿಕ್ಕದಾಗಿ ನುಡಿಯುತ್ತಾನೆ. ಕನ್ನಡದಲ್ಲಿ ಆ ನಿರಾಕರಣೆ ಪ್ರಶ್ನೆಯ ಛಾಯೆಯನ್ನು ತಾಳಿ ಸಡಿಲಗೊಂಡಿದೆ. ಪದವನ್ನು ಬಿಡಿಸಿ ಓದದವನು ಅರ್ಥದಲ್ಲಿ ಎಡವುತ್ತಾನೆ. ಗೀತದ ತಿರುಳೇ ಅಲ್ಲಿರುವುದರಿಂದ ಇದು ಅಲ್ಪದೋಷವಲ್ಲ. ಕೊನೆಯಲ್ಲಿ ಮೂಲದ ದೇವದೂತರ ಮುಖಗಳು ಕನ್ನಡದಲ್ಲಿ ಒಂದೇ ದಿವ್ಯಮುಖವಾಗಿವೆ. ಅಗಲಿದ ಪ್ರಿಯರನ್ನು ಆ ಮುಖಗಳಲ್ಲಿ ಕಾಣುತ್ತಿದ್ದ ಓದುಗರಿಗೆ ಇದು ನಷ್ಟ. ಆ ಸಾಲುಗಳ ಅರ್ಥವೇನೆಂದು 1879ರಲ್ಲಿ ವಿಚಾರಿಸಿದವರಿಗೆ ನ್ಯೂಮನ್ನನೇ ಉತ್ತರ ಕೊಡದೆ ಜಾರಿಕೊಂಡನಾದ್ದರಿಂದ, ಭಾಷಾಂತರಕಾರರನ್ನು ಇದಕ್ಕಾಗಿ ಬಹಳ ದೂರಲಾಗದು.

ಇಂಗ್ಲೆಂಡಿನಲ್ಲಿ ಬಿಕರ್ಸ್ಟೆತ್ ಎಂಬ ಪಾದ್ರಿ ಈ ಗೀತಕ್ಕೆ ನಾಲ್ಕನೆಯ ಪದ್ಯವೊಂದನ್ನು ಕಟ್ಟಿ ಸೇರಿಸಿದನು. ಅದರಲ್ಲಿ ಯಾತ್ರೆ ಮುಗಿದು ಸ್ವರ್ಗದ ಬೆಳಗು ಹರಿಯುತ್ತದೆ. ನ್ಯೂಮನ್ನನಿಗೆ ಅದು ಹಿಡಿಸಲಿಲ್ಲ. ರೋಮನ್ ಸಭೆ ಅವನನ್ನು 2019ರಲ್ಲಿ ಸಂತನೆಂದು ಘೋಷಿಸಿದಾಗ, ಅವನ ಮೂಲಕ ಬೇಡಿಕೊಂಡ ರೋಗಿಗಳಿಬ್ಬರು ಗುಣಹೊಂದಿದ್ದನ್ನು ಸಾಕ್ಷ್ಯವಾಗಿ ಪರಿಗಣಿಸಿತ್ತು. ಶ್ರೀಯವರು ಮಾತ್ರ ಮೂರು ಪದ್ಯಗಳಿಗೇ ನಿಲ್ಲಿಸಿದ್ದಾರೆ; ಅವರ ಯಾತ್ರಿಕ ಇನ್ನೂ ಇರುಳಿನಲ್ಲಿಯೇ ಇದ್ದಾನೆ.