ಬೇರಿನ ಮರೆಯ ಕಾವಲು

ಸಿರುಗುಪ್ಪದ ತುಂಗಭದ್ರಾ ಕಾಲುವೆಯ ಬಯಲಿನಲ್ಲಿ, ಭತ್ತದ ಎಲೆಯ ಮೇಲೆ ಕಣ್ಣಿನಾಕಾರದ ಬೂದಿಬಣ್ಣದ ಚುಕ್ಕೆಗಳನ್ನು ಮೂಡಿಸುವ ಬೆಂಕಿರೋಗಕ್ಕೆ ಅಂಜಿದ ರೈತನು ಬಿತ್ತನೆಗೆ ಮುನ್ನ ಕಿಲೋ ಬೀಜಕ್ಕೆ 10 ಗ್ರಾಂನಂತೆ ಬಳಿಯುವ, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಕಂಡಾಗಲೆಲ್ಲ, ಆ ಕುಲದ ಶಿಸ್ತನ್ನು ನೆನೆದು ನನ್ನ ಮನಸ್ಸು ವಿಸ್ಮಯದಿಂದ ತುಂಬುವುದು.

ಅದರ ಬಳಗದ ಕ್ಲೋರೊರಾಫಿಸ್ ಎಂಬ ಪ್ರಭೇದವನ್ನೇ ನೋಡಿರಿ. ಒಂಟಿಯಾಗಿರುವಾಗ ಅದು ಶಿಲೀಂಧ್ರನಾಶಕದ ತಯಾರಿಕೆಗೆ ತೊಡಗದು; ಪ್ರತಿಯೊಂದು ಕೋಶವೂ ಅಸೈಲ್ ಹೋಮೊಸೆರೀನ್ ಲ್ಯಾಕ್ಟೋನೆಂಬ ಅಣುವನ್ನು ಹೊರಸೂಸುತ್ತಿರಲು, ಬೇರಿನ ಮೇಲೆ ಸಂಖ್ಯೆ ಬೆಳೆದು ಆ ಅಣು ಸಾಂದ್ರವಾದೊಡನೆ, ಅದು ಕೋಶದೊಳಗಣ ಪ್ರೋಟೀನೊಂದನ್ನು ಸೇರಿ ಜೀನುಗಳನ್ನು ಎಚ್ಚರಿಸಲಾಗಿ, ಎಲ್ಲವೂ ಏಕಕಾಲದಲ್ಲಿ ಹಳದಿ-ಕಿತ್ತಳೆ ವರ್ಣದ ಫಿನಜೀನುಗಳೆಂಬ ಆ ಶಿಲೀಂಧ್ರನಾಶಕಗಳನ್ನು ಸ್ರವಿಸತೊಡಗುವುವು. ಸಭೆಗೆ ಬೇಕಾದ ಕನಿಷ್ಠ ಹಾಜರಿಯನ್ನು ನಾವು ಕೋರಂ ಎನ್ನುವೆವಷ್ಟೆ. 1994ರಲ್ಲಿ ವಿಜ್ಞಾನಿಗಳು ಈ ವಿದ್ಯಮಾನಕ್ಕೂ ಅದೇ ಪದದಿಂದ ‘ಕೋರಂ ಸೆನ್ಸಿಂಗ್’ ಎಂದು ಹೆಸರಿಟ್ಟರು.

ಮುಯ್ಯಾಳು ಕೂಡಿದಲ್ಲದೆ ನಾಟಿ ಸಾಗದೆಂಬುದನ್ನು ಬಲ್ಲ ಕುರುಗೋಡಿನ ಒಕ್ಕಲಿಗೆ ಈ ಮರ್ಮ ಅಪರಿಚಿತವಲ್ಲ. ಬಲ ಕೂಡುವ ತನಕ ಶಕ್ತಿಯನ್ನು ವ್ಯಯಿಸದ ಆ ಸಂಯಮವೇ ನನಗೆ ಅತ್ಯಂತ ಪ್ರಿಯವಾದುದು.

ಬಳ್ಳಾರಿಯ ಅಂಗಡಿಯಿಂದ ಪುಡಿಯನ್ನು ಒಯ್ಯುವವರು, ಅದರಲ್ಲಿ ಜೀವವಿದೆಯೆಂದು ತಿಳಿದು, ಬಳಿದ ಬೀಜವನ್ನು ಬಿಸಿಲಿಗೊಡ್ಡದೆ ನೆರಳಿನಲ್ಲಿಯೇ ಆರಿಸಬೇಕು.